‘ಆಮೇಲೆ ಹಾಕಿಸೋಣ’ ಅನ್ನುವ ಮುಂಚೆ

(ಹುಟ್ಟಿನಿಂದಲೇ 21ನೇ ವರ್ಣತಂತುವಿನ ಒಂದು ಪ್ರತಿ ಹೆಚ್ಚಿರುವ ಸ್ಥಿತಿಯಾದ ಡೌನ್ ಸಿಂಡ್ರೋಮ್ ಇರುವ ಮಕ್ಕಳ ತಂದೆತಾಯಿಯರ ಮುಂದೆ ಮಕ್ಕಳ ವೈದ್ಯನಾಗಿ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಲಸಿಕೆ ಬೇಡವೇ ಬೇಡ ಎಂದು ಹಟ ಹಿಡಿಯುವವರು ನನ್ನ ಹತ್ತಿರ ಬರುವುದು ಕಮ್ಮಿ. ಜಾಸ್ತಿ ಬರುವವರು ಬೇರೆ ಥರದವರು. “ಹಾಕಿಸ್ತೀವಿ ಡಾಕ್ಟ್ರೇ, ಆದ್ರೆ ಈಗ ಬೇಡ. ಹಾರ್ಟ್ ಆಪರೇಷನ್ ಮುಗೀಲಿ. ಸ್ವಲ್ಪ ತೂಕ ಬರಲಿ. ಈ ಶೀತ ಒಂದು ಹೋಗಲಿ.” ಒಂದೊಂದು ಕಾರಣವೂ ಕೇಳುವುದಕ್ಕೆ ಸರಿಯಾಗಿಯೇ ಇರುತ್ತದೆ. ಆದರೆ ಒಂದು ಕಾರಣ ಮುಗಿಯುವಷ್ಟರಲ್ಲಿ ಇನ್ನೊಂದು ಶುರುವಾಗುತ್ತದೆ. ಮಗುವಿಗೆ ವರ್ಷ ತುಂಬಿರುತ್ತದೆ, ಕಾರ್ಡ್‌ನಲ್ಲಿ ಅರ್ಧ ಜಾಗ ಖಾಲಿ ಉಳಿದಿರುತ್ತದೆ.

ಇವರು ನಿರ್ಲಕ್ಷ್ಯ ಮಾಡುವವರಲ್ಲ. ಬೇರೆ ಮಕ್ಕಳ ತಂದೆತಾಯಿಗಿಂತ ಎರಡರಷ್ಟು ಓಡಾಡುವವರು. ಹೃದಯದ ಡಾಕ್ಟರು, ಕಿವಿಯ ಡಾಕ್ಟರು, ಥೈರಾಯ್ಡ್ ಪರೀಕ್ಷೆ, ಫಿಸಿಯೋಥೆರಪಿ. ಈ ಓಡಾಟದ ನಡುವೆ ಲಸಿಕೆ ಹಿಂದೆ ಬೀಳುತ್ತದೆ. ಅದರ ಜೊತೆಗೆ ಒಳಗೊಂದು ಭಯವೂ ಇರುತ್ತದೆ: “ನಮ್ಮ ಮಗು ಮೊದಲೇ ಸೂಕ್ಷ್ಮ. ಇಷ್ಟೊಂದು ಇಂಜೆಕ್ಷನ್ ತಡ್ಕೊಳ್ಳುತ್ತಾ?”

ಮಗು ಸೂಕ್ಷ್ಮ, ನಿಜ. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮೈಯಲ್ಲಿ ಎಲ್ಲಿ ಸೂಕ್ಷ್ಮ, ಯಾವುದಕ್ಕೆ ಸೂಕ್ಷ್ಮ ಅನ್ನುವುದನ್ನು ಸರಿಯಾಗಿ ನೋಡಬೇಕು. ನೋಡಿದರೆ ಉತ್ತರ ಮೂಗಿನಿಂದಲೇ ಶುರುವಾಗುತ್ತದೆ.

ಡೌನ್ ಸಿಂಡ್ರೋಮ್ ಇರುವ ಮಗುವಿನ ಮೂಗಿನ ದಾರಿ ಕಿರಿದು. ಬಾಯಿ, ಗಂಟಲಿನ ಒಳಗಿನ ಜಾಗವೂ ಚಿಕ್ಕದು. ಅಷ್ಟರಲ್ಲೇ ನಾಲಿಗೆ, ಟಾನ್ಸಿಲ್, ಮೂಗಿನ ಹಿಂಭಾಗದ ಅಡಿನಾಯ್ಡ್ ಎಲ್ಲವೂ ಹೊಂದಿಕೊಳ್ಳಬೇಕು. ಕೆಲವು ಮಕ್ಕಳಲ್ಲಿ ಉಸಿರುನಾಳದ ಗೋಡೆ ಮೆತ್ತಗಿರುತ್ತದೆ, ಉಸಿರಾಡುವಾಗ ಒಳಗೆ ಕುಸಿಯುತ್ತದೆ. ಸ್ನಾಯು ಸಡಿಲ. ಹಾಗಾಗಿ ಕೆಮ್ಮಿಗೆ ಬಲ ಸಾಲದು, ಕಫ ಮೇಲೆ ಬರುವುದಿಲ್ಲ. ಹಾಲು ಕುಡಿಯುವಾಗ ಒಂದಿಷ್ಟು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯಬಹುದು. ಕೆಲವೊಮ್ಮೆ ಕೆಮ್ಮು ಕೂಡ ಬರುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಕಿವಿಯಿಂದ ಗಂಟಲಿಗೆ ಬರುವ ನಾಳ ಸಣ್ಣದು, ಅದಕ್ಕೇ ಕಿವಿಯ ಸೋಂಕು ಪದೇ ಪದೇ. ಇನ್ನು ಈ ಮಕ್ಕಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಂದಿಗೆ ಹುಟ್ಟುವಾಗಲೇ ಹೃದಯದ ತೊಂದರೆ ಇರುತ್ತದೆ. ಹೃದಯದಲ್ಲಿ ದೊಡ್ಡ ತೂತು ಇದ್ದರೆ ಶ್ವಾಸಕೋಶಕ್ಕೆ ರಕ್ತ ಜಾಸ್ತಿ ನುಗ್ಗುತ್ತದೆ. ಅಂಥ ಶ್ವಾಸಕೋಶದ ಮೇಲೆ ಒಂದು ಫ್ಲೂ ಬಂದು ಕೂತರೆ ಬೇರೆ ಮಗುವಿಗೆ ಮೂರು ದಿನದ ಜ್ವರ ಆಗುವುದು ಈ ಮಗುವಿಗೆ ಆಮ್ಲಜನಕ ಕೊಡಬೇಕಾದ ಸ್ಥಿತಿ ಆಗಬಹುದು.

ರೋಗ ಎದುರಿಸುವ ವ್ಯವಸ್ಥೆಯಲ್ಲೂ ವ್ಯತ್ಯಾಸ ಇದೆ. ಎದೆಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿ ಇರುತ್ತದೆ. ಸೋಂಕಿನ ವಿರುದ್ಧ ಹೋರಾಡುವ ಟಿ ಕೋಶಗಳು ಪಳಗುವುದು ಅಲ್ಲಿ. ಡೌನ್ ಸಿಂಡ್ರೋಮ್‌ನಲ್ಲಿ ಅದು ಚಿಕ್ಕದಾಗಿರುತ್ತದೆ. ಟಿ ಕೋಶ, ಪ್ರತಿಕಾಯ ತಯಾರಿಸುವ ಬಿ ಕೋಶ ಎರಡರ ಸಂಖ್ಯೆಯೂ ಸರಾಸರಿಗಿಂತ ಕಮ್ಮಿ. “ಇಮ್ಯುನಿಟಿ ಕಮ್ಮಿ” ಎಂದು ಎಲ್ಲರೂ ಹೇಳುವುದು ಇದನ್ನೇ. ಆದರೆ ಅದು ಅರ್ಧ ಮಾತು. ವೈರಸ್ ಬಂದಾಗ ಮೈಗೆ ಎಚ್ಚರಿಕೆ ಕೊಡುವ ಇಂಟರ್‌ಫೆರಾನ್ ಎಂಬ ವಸ್ತು ಇದೆ. ಆ ಎಚ್ಚರಿಕೆಯನ್ನು ಕೇಳಿಸಿಕೊಳ್ಳುವ ಗ್ರಾಹಕಗಳ ನಾಲ್ಕು ಜೀನ್‌ಗಳು ಇರುವುದು 21ನೇ ವರ್ಣತಂತುವಿನಲ್ಲೇ. ಆ ವರ್ಣತಂತು ಈ ಮಕ್ಕಳಲ್ಲಿ ಮೂರು ಪ್ರತಿ. ಅಂದರೆ ಒಂದು ಕಡೆ ಸೈನ್ಯ ಸಣ್ಣದು, ಇನ್ನೊಂದು ಕಡೆ ಗಂಟೆ ಬಡಿಯುವುದು ಜಾಸ್ತಿ. ಸೋಂಕು ಬಂದಾಗ ಉರಿಯೂತ ಅತಿಯಾಗುವುದಕ್ಕೆ, ಥೈರಾಯ್ಡ್ ತೊಂದರೆ, ಗೋಧಿಯ ಅಂಶ ಕರುಳಿಗೆ ಒಗ್ಗದ ಸೀಲಿಯಾಕ್ ಕಾಯಿಲೆ ಥರದವು ಈ ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದಕ್ಕೆ ಇಂಥ ವ್ಯತ್ಯಾಸಗಳೂ ಕಾರಣ. ಅವು ಲಸಿಕೆ ಹಾಕಿಸಿದ್ದರಿಂದ ಬಂದವಲ್ಲ.

ಹಾಗಾದರೆ ಇಂಥ ಮೈಯಲ್ಲಿ ಲಸಿಕೆ ಕೆಲಸ ಮಾಡುತ್ತದಾ? ಮಾಡುತ್ತದೆ. ಕೆಲವು ಲಸಿಕೆಗಳಿಗೆ ಹುಟ್ಟುವ ಪ್ರತಿಕಾಯಗಳ (ರೋಗಾಣುವನ್ನು ಗುರುತಿಸಿ ತಡೆಯಲು ಮೈ ತಯಾರಿಸುವ ಪ್ರೋಟೀನ್‌ಗಳ) ಮಟ್ಟ ಬೇರೆ ಮಕ್ಕಳಿಗಿಂತ ಕಮ್ಮಿ ಇರುತ್ತದೆ. ಆದರೂ ಹೆಚ್ಚಿನ ಮಕ್ಕಳಲ್ಲಿ ಅದು ರಕ್ಷಣೆಗೆ ಸಾಕಾಗುವಷ್ಟು ಇರುತ್ತದೆ. ಇದರಿಂದ ನಾನು ತೆಗೆಯುವ ಅರ್ಥ ಇಷ್ಟು: ಈ ಮಕ್ಕಳಿಗೆ ಒಂದು ಡೋಸ್ ತಪ್ಪಿದರೆ ನಷ್ಟ ಜಾಸ್ತಿ. ಬೂಸ್ಟರ್ ಬಿಡುವ ಹಾಗೇ ಇಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. ಇದು ನನಗೆ ಇಷ್ಟವಾದ ಕಥೆ, ಮಕ್ಕಳ ವಾರ್ಡಿನಲ್ಲೂ ಹೇಳುತ್ತಿರುತ್ತೇನೆ.

1960ರ ದಶಕದಲ್ಲಿ ಅಮೆರಿಕದ ಬರೂಕ್ ಬ್ಲಂಬರ್ಗ್ ಎಂಬ ವಿಜ್ಞಾನಿ ಬೇರೆ ಬೇರೆ ಜನರ ರಕ್ತ ಹೋಲಿಸಿ ನೋಡುತ್ತಿದ್ದರು. ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಹೊಸದೊಂದು ಪ್ರೋಟೀನ್ ಸಿಕ್ಕಿತು. ‘ಆಸ್ಟ್ರೇಲಿಯಾ ಆಂಟಿಜೆನ್’ ಎಂದು ಹೆಸರಿಟ್ಟರು. ಏನದು ಅಂತ ಗೊತ್ತಿರಲಿಲ್ಲ. ರಕ್ತದ ಕ್ಯಾನ್ಸರ್ ಇರುವವರಲ್ಲಿ ಅದು ಜಾಸ್ತಿ ಕಾಣುತ್ತಿತ್ತು. ಡೌನ್ ಸಿಂಡ್ರೋಮ್ ಇರುವವರಿಗೆ ರಕ್ತದ ಕ್ಯಾನ್ಸರ್ ಅಪಾಯ ಹೆಚ್ಚು ಅನ್ನುವುದು ಆಗಲೇ ಗೊತ್ತಿತ್ತು. ಹಾಗಾದರೆ ಅವರ ರಕ್ತದಲ್ಲೂ ಇರಬೇಕು ಎಂದು ಹುಡುಕಿದರು. ಇತ್ತು! ದೊಡ್ಡ ವಸತಿ ಸಂಸ್ಥೆಯಲ್ಲಿದ್ದವರಲ್ಲಿ ಸುಮಾರು ಮೂರರಲ್ಲಿ ಒಬ್ಬರ ರಕ್ತದಲ್ಲಿ ಸಿಕ್ಕಿತು.

ಹುಟ್ಟಿನಿಂದಲೇ ಬಂದ ಗುಣ ಇರಬಹುದು ಅನಿಸಿತು. ಹಾಗಿದ್ದರೆ ಹಸುಗೂಸುಗಳಲ್ಲೂ ಸಿಗಬೇಕಲ್ವಾ? ಸಿಗಲಿಲ್ಲ. ಮನೆಯಲ್ಲಿ ಬೆಳೆಯುತ್ತಿದ್ದವರಲ್ಲೂ ಅಪರೂಪ. ಸಂಸ್ಥೆ ದೊಡ್ಡದಾದಷ್ಟೂ, ಜನ ಒತ್ತೊತ್ತಾಗಿ ಇದ್ದಷ್ಟೂ ಜಾಸ್ತಿ. ಅಂದರೆ ಇದು ಹುಟ್ಟಿನಿಂದ ಬಂದದ್ದಲ್ಲ, ಇದ್ದ ಜಾಗದಿಂದ ಅಂಟಿದ್ದು. 1966ರಲ್ಲಿ ಒಂದು ಸುಳಿವು ಸಿಕ್ಕಿತು. ಡೌನ್ ಸಿಂಡ್ರೋಮ್ ಇದ್ದ ಒಬ್ಬ ವ್ಯಕ್ತಿಯ ರಕ್ತದಲ್ಲಿ ಮೊದಲು ಇಲ್ಲದ ಈ ಪ್ರೋಟೀನ್ ಆಮೇಲೆ ಕಾಣಿಸಿಕೊಂಡಿತ್ತು. ಏನಾಯಿತು ಎಂದು ಪರೀಕ್ಷೆ ಮಾಡಿದರೆ ಆ ನಡುವೆ ಅವರಿಗೆ ಪಿತ್ತಜನಕಾಂಗದ ಉರಿಯೂತ ಶುರುವಾಗಿತ್ತು. ಆ ಪ್ರೋಟೀನ್ ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದ ತುಂಡು.

ಬ್ಲಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಂತು. 1981ರಲ್ಲಿ ಅಮೆರಿಕದಲ್ಲಿ ಹೆಪಟೈಟಿಸ್ ಬಿ ಲಸಿಕೆಗೆ ಒಪ್ಪಿಗೆ ಸಿಕ್ಕಿತು, 1986ರಲ್ಲಿ ಯೀಸ್ಟ್ ಬಳಸಿ ಮಾಡಿದ ಹೊಸ ಲಸಿಕೆ ಬಂತು. ಇಂದು ಲೋಕದ ಹೆಚ್ಚಿನ ಕಡೆ ಕೂಸುಗಳಿಗೆ ಕೊಡುವ ಈ ಚುಚ್ಚುಮದ್ದಿನ ಹಿಂದೆ ನಿಮ್ಮ ಮಕ್ಕಳಂಥವರ ರಕ್ತದಿಂದ ಸಿಕ್ಕ ಸುಳಿವು ಇದೆ. ಅವರಿಗೇ ಅದು ಜಾಸ್ತಿ ಬೇಕು ಕೂಡ. ಈ ವೈರಸ್ ಒಳಗೆ ಹೊಕ್ಕರೆ ಅದನ್ನು ಪೂರ್ತಿ ಹೊರಹಾಕುವುದು ಅವರ ಮೈಗೆ ಕಷ್ಟ. ಹಾಗೇ ಒಳಗೆ ಉಳಿದುಬಿಡುತ್ತದೆ.

ಇದೇ ಕಾಲದ ಇನ್ನೊಂದು ಪುಟವನ್ನೂ ಹೇಳಬೇಕು. ನ್ಯೂಯಾರ್ಕಿನ ವಿಲೋಬ್ರೂಕ್ ಎಂಬ ಸಂಸ್ಥೆಯಲ್ಲಿ ಬೌದ್ಧಿಕ ಅಸಾಮರ್ಥ್ಯ ಇದ್ದ ಮಕ್ಕಳಿಗೆ ಬೇಕೆಂದೇ ಹೆಪಟೈಟಿಸ್ ಸೋಂಕು ತಗುಲಿಸಿ ಸಂಶೋಧನೆ ನಡೆಸಿದರು. 1950ರ ದಶಕದಲ್ಲಿ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. “ನಮ್ಮ ಮಕ್ಕಳ ಮೇಲೆ ಪ್ರಯೋಗ ಮಾಡ್ತಾರೆ” ಎಂದು ಯಾರಾದರೂ ಅನುಮಾನ ಪಟ್ಟರೆ ನಾನು ನಗುವುದಿಲ್ಲ. ಆ ಅನುಮಾನಕ್ಕೆ ಇತಿಹಾಸ ಇದೆ. ಕೇಳುವ ಹಕ್ಕು ನಿಮಗಿದೆ, ಉತ್ತರ ಕೊಡುವ ಕೆಲಸ ನಮ್ಮದು. ಇವತ್ತಿನ ಮಕ್ಕಳ ಲಸಿಕೆಗಳ ಬಗ್ಗೆ ಕೇಳಿದರೆ, ಅವು ಕೋಟಿಗಟ್ಟಲೆ ಮಕ್ಕಳಿಗೆ ದಶಕಗಳಿಂದ ಕೊಟ್ಟು ನೋಡಿದವು.

ಈಗ ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ, ಆಟಿಸಂ. 1998ರಲ್ಲಿ ಬ್ರಿಟನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಜೊತೆಗಾರರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 12 ಮಕ್ಕಳ ಬಗ್ಗೆ ಒಂದು ಲೇಖನ ಬರೆದರು. ದಡಾರ, ಮಂಗನಬಾವು, ರುಬೆಲ್ಲಾ ಮೂರನ್ನೂ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ಸಂಬಂಧ ಇರಬಹುದು ಅನ್ನುವ ಗುಮಾನಿ ಅಲ್ಲಿಂದ ಹರಡಿತು. ಆ ಲೇಖನವನ್ನು ಪತ್ರಿಕೆ 2010ರಲ್ಲಿ ವಾಪಸ್ ತೆಗೆದುಕೊಂಡಿತು. ಅದೇ ವರ್ಷ ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ವೇಕ್‌ಫೀಲ್ಡ್ ಹೆಸರು ಹೊಡೆದುಹಾಕಿದರು. 2019ರಲ್ಲಿ ಡೆನ್ಮಾರ್ಕ್‌ನಲ್ಲಿ 6,57,461 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಬಂತು. ಲಸಿಕೆ ಹಾಕಿಸಿಕೊಂಡವರಲ್ಲಿ ಆಟಿಸಂ ಜಾಸ್ತಿ ಕಾಣಲಿಲ್ಲ.

ಆದರೆ ಈ ಅಂಕಿ ಹೇಳಿ ನಾನು ಎದ್ದು ಹೋದರೆ ನಿಮಗೆ ಅನ್ಯಾಯ. ನಿಮ್ಮ ವಿಷಯದಲ್ಲಿ ಒಂದು ವಿಶೇಷ ಇದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಆಟಿಸಂ ನಿಜಕ್ಕೂ ಹೆಚ್ಚು. ಅದನ್ನು ಗುರುತಿಸುವುದೂ ತಡ. “ಡೌನ್ ಇದೆಯಲ್ಲ, ಮಾತು ನಿಧಾನ” ಎಂದು ಸುಮ್ನೆ ಇದ್ದುಬಿಡುತ್ತೇವೆ. ಕಲಿತ ನಾಲ್ಕು ಮಾತೂ ನಿಂತುಹೋದಾಗ ಹಿಂದೆ ತಿರುಗಿ ನೋಡುತ್ತೇವೆ. ಆ ವಯಸ್ಸಿನಲ್ಲಿ ಹಿಂದೆ ತಿರುಗಿದರೆ ಯಾವುದಾದರೂ ಒಂದು ಲಸಿಕೆ ಇದ್ದೇ ಇರುತ್ತದೆ.

ಇನ್ನೂ ಮುಖ್ಯವಾದದ್ದು ಇನ್‌ಫಂಟೈಲ್ ಸ್ಪಾಸಂ. ಇದು ಒಂದು ಬಗೆಯ ಫಿಟ್ಸ್. ಈ ಮಕ್ಕಳಲ್ಲಿ ಬೇರೆಯವರಿಗಿಂತ ಜಾಸ್ತಿ. ಸಾಮಾನ್ಯವಾಗಿ ಮೊದಲ ವರ್ಷದಲ್ಲೇ ಶುರು, ಅಂದರೆ ಲಸಿಕೆಗಳು ಸಾಲಾಗಿ ಇರುವ ತಿಂಗಳುಗಳಲ್ಲೇ. ನೋಡುವುದಕ್ಕೆ ಫಿಟ್ಸ್ ಹಾಗೆ ಇರುವುದಿಲ್ಲ. ಮಗು ನಿದ್ದೆಯಿಂದ ಎದ್ದಿರುತ್ತದೆ. ಇದ್ದಕ್ಕಿದ್ದಂತೆ ತಲೆ ಮುಂದಕ್ಕೆ ಬಾಗುತ್ತದೆ, ಎರಡೂ ಕೈ ಹೊರಕ್ಕೆ ಚಾಚುತ್ತದೆ, ಒಂದೆರಡು ಸೆಕೆಂಡಿಗೆ ಸಡಿಲ. ಮತ್ತೆ ಹಾಗೇ. ಮತ್ತೆ ಹಾಗೇ. ಬೆಚ್ಚಿಬಿತ್ತು, ಹೊಟ್ಟೆನೋವು ಅಂದುಕೊಳ್ಳುತ್ತಾರೆ. ಕಂಡ ತಕ್ಷಣ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ, ಅವತ್ತೇ ಡಾಕ್ಟರಿಗೆ ತೋರಿಸಿ. ಚಿಕಿತ್ಸೆ ಬೇಗ ಶುರುವಾದಷ್ಟೂ ಮಿದುಳಿಗೆ ಒಳ್ಳೆಯದು. ಲಸಿಕೆಯನ್ನು ಬೈಯುತ್ತಾ ಕಳೆಯುವ ಒಂದೊಂದು ವಾರವೂ ಇಲ್ಲಿ ದುಬಾರಿ. ಮಾತು ಹಿಂದೆ ಹೋದರೂ ಅಷ್ಟೆ: ಕಿವಿ ಪರೀಕ್ಷೆ, ಥೈರಾಯ್ಡ್, ನಿದ್ದೆಯಲ್ಲಿ ಉಸಿರು ಕಟ್ಟುತ್ತದಾ, ಆಟಿಸಂ ಇದೆಯಾ, ಇವನ್ನು ನೋಡಿಸಿ.

ಲಸಿಕೆಯಿಂದ ತೊಂದರೆ ಬರುವುದೇ ಇಲ್ಲ ಅನ್ನುವುದಿಲ್ಲ. ಹೆಚ್ಚಿನವುಗಳಿಂದ ಒಂದೆರಡು ದಿನ ಜ್ವರ, ಚುಚ್ಚಿದ ಕಡೆ ಊತ, ಕಿರಿಕಿರಿ. ಎಂಎಂಆರ್ ಜ್ವರ ಬರುವುದು ವಾರದ ಮೇಲೆ, ಸುಮಾರು 7ರಿಂದ 12 ದಿನದ ನಡುವೆ. ಅಷ್ಟರಲ್ಲಿ ಲಸಿಕೆ ಮರೆತೇ ಹೋಗಿರುತ್ತದೆ! ಆ ಜ್ವರದಲ್ಲಿ 3,000ದಿಂದ 4,000 ಡೋಸಿಗೆ ಒಂದರಷ್ಟು ಜ್ವರದ ಫಿಟ್ಸ್ ಬರುತ್ತದೆ. ನೋಡಲು ಭಯ, ಆದರೆ ಸಾಮಾನ್ಯವಾಗಿ ಏನೂ ಉಳಿಯುವುದಿಲ್ಲ. ಇದರ ಪಕ್ಕದಲ್ಲಿ ದಡಾರವನ್ನು ಇಟ್ಟು ನೋಡಿ. ದಡಾರ ಬಂದ 1,000 ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಮಿದುಳಿನ ಉರಿಯೂತ. ದಡಾರ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಹಳೆಯ ಸೋಂಕುಗಳಿಂದ ಮೈ ಕಲಿತ ನೆನಪನ್ನು ಅಳಿಸಿಹಾಕುತ್ತದೆ. 2019ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ದಡಾರದ ನಂತರ ಮಕ್ಕಳು ತಮ್ಮಲ್ಲಿದ್ದ ಬೇರೆ ಪ್ರತಿಕಾಯಗಳಲ್ಲಿ ಶೇ. 11ರಿಂದ 73ರಷ್ಟನ್ನು ಕಳೆದುಕೊಂಡಿದ್ದರು. ಕಷ್ಟಪಟ್ಟು ಒಂದೊಂದೇ ಪ್ರತಿಕಾಯ ಕೂಡಿಟ್ಟುಕೊಂಡ ಮಗುವಿಗೆ ಇದು ಎಂಥ ಹೊಡೆತ, ಯೋಚಿಸಿ.

ಸರಿ, ನಿಜವಾಗಿ ಕಾಯಬೇಕಾದ ಸಂದರ್ಭ ಇಲ್ಲವಾ? ಇದೆ. ಡೌನ್ ಸಿಂಡ್ರೋಮ್ ಅನ್ನುವುದು ಕಾರಣ ಅಲ್ಲ. ಎಂಎಂಆರ್, ಸೀತಾಳೆ ಸಿಡುಬಿನಂಥ ಜೀವಂತ ಲಸಿಕೆಗಳನ್ನೂ (ಬಲ ಕುಂದಿಸಿದ ಜೀವಂತ ವೈರಸ್ ಇರುವವನ್ನು) ಈ ಮಕ್ಕಳಿಗೆ ಎಲ್ಲರಂತೆ ಕೊಡುತ್ತೇವೆ. ಕಾಯುವುದು ಅದರ ಜೊತೆ ಬಂದ ಕೆಲವು ಪರಿಸ್ಥಿತಿಗಳಿಗೆ. ರಕ್ತದ ಕ್ಯಾನ್ಸರಿಗೆ ಕೀಮೋ ನಡೆಯುತ್ತಿದ್ದರೆ ಜೀವಂತ ಲಸಿಕೆ ಬೇಡ. ಇನ್‌ಫಂಟೈಲ್ ಸ್ಪಾಸಂಗೆ ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ಎರಡು ವಾರ ಅಥವಾ ಅದಕ್ಕಿಂತ ಜಾಸ್ತಿ ಕೊಟ್ಟಿದ್ದರೂ ಕಾಯಬೇಕು. ಹಿಂದಿನ ಡೋಸಿಗೆ ಗಂಭೀರ ಅಲರ್ಜಿ ಆಗಿದ್ದರೆ ಆ ಲಸಿಕೆಯನ್ನು ಮತ್ತೆ ಹಾಕುವುದಿಲ್ಲ. ಹುಟ್ಟಿದಾಗಲೇ ಕರುಳಿನ ಆಪರೇಷನ್ ಆಗಿದ್ದರೆ ಭೇದಿ ತಡೆಯಲು ಬಾಯಿಗೆ ಹಾಕುವ ರೋಟಾವೈರಸ್ ಹನಿಯ ಬಗ್ಗೆ ಮೊದಲು ಡಾಕ್ಟರ ಹತ್ತಿರ ಮಾತಾಡಿ. ಅದನ್ನು ಶುರು ಮಾಡುವುದಕ್ಕೆ ವಯಸ್ಸಿನ ಮಿತಿಯೂ ಇರುತ್ತದೆ, ಹಾಗಾಗಿ ಬೇಗ ಕೇಳಿ.

ಹೃದಯದ ಆಪರೇಷನ್ ಆದವರು ಒಂದು ವಿಷಯ ಬರೆದಿಟ್ಟುಕೊಳ್ಳಿ. ಆಗ ರಕ್ತ, ಪ್ಲಾಸ್ಮಾ, ಪ್ಲೇಟ್‌ಲೆಟ್ ಕೊಟ್ಟಿರುತ್ತಾರೆ. ಅದರಲ್ಲಿ ಬೇರೆಯವರ ಪ್ರತಿಕಾಯ ಇರುತ್ತದೆ. ಅದು ಎಂಎಂಆರ್ ಮತ್ತು ಸೀತಾಳೆ ಸಿಡುಬಿನ ಲಸಿಕೆಯನ್ನು ಕೆಲಸ ಮಾಡಲು ಬಿಡುವುದಿಲ್ಲ. ಸಾಮಾನ್ಯವಾಗಿ 6–7 ತಿಂಗಳು ಬಿಟ್ಟು ಹಾಕಬೇಕಾಗುತ್ತದೆ. ಮಿಕ್ಕ ನಿರ್ಜೀವ ಲಸಿಕೆಗಳಿಗೆ ಈ ತೊಂದರೆ ಇಲ್ಲ. ಅದಕ್ಕೇ ಡಿಸ್ಚಾರ್ಜ್ ಸಮ್ಮರಿಯಲ್ಲಿ ಏನು ಕೊಟ್ಟರು, ಯಾವತ್ತು ಕೊಟ್ಟರು ಅನ್ನುವುದು ಇದೆಯಾ ನೋಡಿಕೊಂಡು ಬನ್ನಿ. ಆಪರೇಷನ್‌ಗೆ ಮುಂಚೆ ಯಾವ ಲಸಿಕೆ ಎಷ್ಟು ದಿನದ ಅಂತರದಲ್ಲಿ ಎಂದು ಸರ್ಜನ್‌ರನ್ನೇ ಕೇಳಿ. ಲಸಿಕೆಯ ಜ್ವರವೋ ಸೋಂಕಿನ ಜ್ವರವೋ ಎಂಬ ಗೊಂದಲದಲ್ಲಿ ಆಪರೇಷನ್ ಮುಂದೆ ಹೋಗಬಾರದು.

ಮೂಗು ಸೋರುವುದು ಕಾರಣವಲ್ಲ. ಈ ಮಕ್ಕಳ ಮೂಗು ಒಣಗಲಿ ಎಂದು ಕಾದರೆ ಲಸಿಕೆ ಹಾಕುವ ದಿನವೇ ಬರುವುದಿಲ್ಲ. ತೂಕ ಕಮ್ಮಿ ಅನ್ನುವುದೂ ಕಾರಣವಲ್ಲ. ಅವಧಿಗೆ ಮುಂಚೆ ಹುಟ್ಟಿದ್ದರೂ ಹುಟ್ಟಿದ ದಿನದಿಂದಲೇ ವಯಸ್ಸು ಎಣಿಸುತ್ತೇವೆ. “ಚಿಕ್ಕ ಮೈ, ಅರ್ಧ ಡೋಸ್ ಕೊಡಿ” ಎಂದು ಕೇಳುವವರಿದ್ದಾರೆ. ಲಸಿಕೆ ಪ್ಯಾರಾಸಿಟಮಾಲ್ ಅಲ್ಲ, ತೂಕ ನೋಡಿ ಅಳೆಯುವುದಿಲ್ಲ. ಅರ್ಧ ಡೋಸ್ ಅಂದರೆ ನೋವು ಪೂರ್ತಿ, ರಕ್ಷಣೆಗೆ ಗ್ಯಾರಂಟಿ ಇಲ್ಲ.

ಎಲ್ಲರ ಪಟ್ಟಿಯಲ್ಲಿ ಇರುವುದರ ಜೊತೆಗೆ ಒಂದೆರಡು ವಿಷಯ ಕೇಳಿ ನೋಡಿ. ಆರು ತಿಂಗಳು ದಾಟಿದ ಮೇಲೆ ಪ್ರತಿ ವರ್ಷ ಫ್ಲೂ ಲಸಿಕೆ. ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಇದ್ದರೆ ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ಲಸಿಕೆಗೆ ಹೆಚ್ಚಿನ ಡೋಸ್ ಬೇಕಾ ಎಂದು. ಶ್ವಾಸಕೋಶದ ಸೋಂಕು ತರುವ ಆರ್‌ಎಸ್‌ವಿ ಎಂಬ ವೈರಸ್ ಈ ಕೂಸುಗಳನ್ನು ಹೃದಯ ಚೆನ್ನಾಗಿದ್ದರೂ ಆಸ್ಪತ್ರೆಗೆ ಸೇರಿಸುತ್ತದೆ. ಅದಕ್ಕೆ ನಿರ್ಸೆವಿಮ್ಯಾಬ್ ಎಂಬ ಸಿದ್ಧ ಪ್ರತಿಕಾಯದ ಇಂಜೆಕ್ಷನ್ 2022ರಿಂದ ಈಚೆಗೆ ಕೆಲವು ದೇಶಗಳಲ್ಲಿ ಒಪ್ಪಿಗೆ ಪಡೆದಿದೆ. ನೀವಿರುವ ಕಡೆ ಸಿಗುತ್ತದಾ ಕೇಳಿ. ಮನೆಯವರೂ ಹಾಕಿಸಿಕೊಳ್ಳಿ. ನಾಯಿಕೆಮ್ಮು ಕೂಸಿಗೆ ಹೆಚ್ಚಾಗಿ ಬರುವುದು ಮನೆಯ ದೊಡ್ಡವರಿಂದ, ಅಣ್ಣ ಅಕ್ಕಂದಿರಿಂದ.

ಹದಿಹರೆಯದ ಮಾತು ಬಂದಾಗ, ದೈಹಿಕ ಸಂಪರ್ಕದಿಂದ ಹರಡಿ ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್ಸನ್ನು ತಡೆಯುವ ಎಚ್‌ಪಿವಿ ಲಸಿಕೆ “ನಮ್ಮ ಮಗಳಿಗೆ ಯಾಕೆ?” ಅನ್ನುತ್ತಾರೆ. ಅಮೆರಿಕದಲ್ಲಿ 1983ರಲ್ಲಿ ಡೌನ್ ಸಿಂಡ್ರೋಮ್ ಇರುವವರು ತೀರಿಹೋಗುತ್ತಿದ್ದ ಮಧ್ಯಮ (ಮೀಡಿಯನ್) ವಯಸ್ಸು 25, ಅಂದರೆ ತೀರಿಹೋದವರಲ್ಲಿ ಅರ್ಧ ಮಂದಿ ಅದಕ್ಕಿಂತ ಚಿಕ್ಕವರು. 1997ಕ್ಕೆ ಆ ಮಧ್ಯಮ ವಯಸ್ಸು 49 ಆಗಿತ್ತು. ನಿಮ್ಮ ಮಗಳು ದೊಡ್ಡವಳಾಗುತ್ತಾಳೆ, ಅವಳಿಗೂ ಒಂದು ಬದುಕು, ಒಬ್ಬ ಸಂಗಾತಿ ಇರಬಹುದು. ಅದನ್ನು ನಾವೇ ಮೊದಲೇ ಇಲ್ಲ ಅಂದುಬಿಡುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಚುಚ್ಚುವ ಆ ಎರಡು ನಿಮಿಷ. ಪುಟ್ಟ ಮಕ್ಕಳಿಗೆ ತೊಡೆಯ ಹೊರಮಗ್ಗುಲೇ ಸರಿಯಾದ ಜಾಗ. ತೋಳಿನಲ್ಲಿ ಮಾಂಸ ತುಂಬಿರದಿದ್ದರೆ ಸ್ವಲ್ಪ ದೊಡ್ಡವರಿಗೂ ತೊಡೆಗೇ ಹಾಕಿ ಎಂದು ಕೇಳಿ. ಮಗುವನ್ನು ಮಲಗಿಸಿ ಅದುಮಬೇಡಿ. ತೊಡೆಯ ಮೇಲೆ ಕೂರಿಸಿ, ಬೆನ್ನು ನಿಮ್ಮ ಎದೆಗೆ ತಾಗಲಿ, ತಬ್ಬಿಕೊಳ್ಳಿ. ಕುತ್ತಿಗೆಯನ್ನು ಯಾರೂ ಬಗ್ಗಿಸಿ ಹಿಡಿಯಬಾರದು. ಕೆಲವು ಮಕ್ಕಳಲ್ಲಿ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ನಡುವಿನ ಹಿಡಿತ ಸಡಿಲ ಇರುತ್ತದೆ. ನರ್ಸ್‌ಗೆ ಇದು ನೆನಪಿರಲಿಕ್ಕಿಲ್ಲ, ನೀವೇ ಹೇಳಿ. ಸೂಜಿ ಹೊರಗೆ ಬಂದು ಹತ್ತಿ ಒತ್ತುವವರೆಗೂ ಮಗು ಸುಮ್ಮನಿದ್ದು, ಆಮೇಲೆ ಅಳಬಹುದು. ಅಳು ತಡವಾಗಿ ಬಂತು ಅಂದರೆ ನೋವಾಗಿಲ್ಲ ಅಂತಲ್ಲ. ನೋವು ಹೊರಗೆ ಕಾಣಿಸುವುದು ಈ ಮಕ್ಕಳಲ್ಲಿ ನಿಧಾನ. ಸಮಾಧಾನವನ್ನು ಅಳು ಬರುವ ಮೊದಲೇ ಶುರು ಮಾಡಿ.

ಪ್ರಶ್ನೆ: ಒಂದೇ ದಿನ ಮೂರು ನಾಲ್ಕು ಚುಚ್ಚುವ ಬದಲು ಬಿಡಿಬಿಡಿಯಾಗಿ ಹಾಕಿಸಬಹುದಾ?

ಬಿಡಿಸಿದರೆ ಮೈಗೆ ಹಗುರ ಆಗುವುದಿಲ್ಲ. ಕೆಮ್ಮುವ ಮಕ್ಕಳು ತುಂಬಿದ ಕಾಯುವ ಕೋಣೆಗೆ ಮೂರು ಸಲ ಜಾಸ್ತಿ ಬರುತ್ತೀರಿ, ಅಷ್ಟೆ. ನಡುವಿನ ವಾರಗಳಲ್ಲಿ ರಕ್ಷಣೆಯೂ ಇರುವುದಿಲ್ಲ. ಚುಚ್ಚಿ ಕೊಡುವ ಎರಡು ಜೀವಂತ ಲಸಿಕೆಗಳನ್ನು ಒಂದೇ ದಿನ ಹಾಕಬೇಕು, ಇಲ್ಲದಿದ್ದರೆ ನಡುವೆ ನಾಲ್ಕು ವಾರ ಬಿಡಬೇಕು. ಬಿಡಿಸುತ್ತಾ ಹೋದರೆ ಈ ಲೆಕ್ಕವೇ ತಪ್ಪುತ್ತದೆ.

ಪ್ರಶ್ನೆ: ಎಲ್ಲ ಹಾಕಿಸಿದೆವು. ಆದರೂ ಎರಡು ಸಲ ನ್ಯುಮೋನಿಯಾ ಬಂತು. ಏನು ಉಪಯೋಗ ಆಯಿತು?

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ನ್ಯುಮೋನಿಯಾ ಒಂದೇ ಕ್ರಿಮಿಯಿಂದ ಬರುವುದಲ್ಲ. ನ್ಯುಮೋಕಾಕಸ್‌ನಲ್ಲೇ ಸುಮಾರು 100 ಬಗೆ ಇವೆ, ಲಸಿಕೆ ತಡೆಯುವುದು ಅವುಗಳಲ್ಲಿ ಹೆಚ್ಚು ಕಾಟ ಕೊಡುವ ಹತ್ತಿಪ್ಪತ್ತನ್ನು. ಎರಡು ಸಲ ಬಂದಿದೆ ಅಂದರೆ ನಾನು ಲಸಿಕೆಯನ್ನು ಬಿಟ್ಟು ಬೇರೆ ಕಡೆ ನೋಡುತ್ತೇನೆ. ಹಾಲು, ನೀರು ಶ್ವಾಸಕೋಶಕ್ಕೆ ಇಳಿಯುತ್ತಿದೆಯಾ? ಹೃದಯದ ಎಕೋ ಯಾವಾಗ ಆಯಿತು? ಗೊರಕೆ ಇದೆಯಾ? ಪ್ರತಿಕಾಯದ ಮಟ್ಟ ನೋಡುವ ರಕ್ತಪರೀಕ್ಷೆ ಬೇಕಾ ಎಂದು ನಿಮ್ಮ ಡಾಕ್ಟರ ಹತ್ತಿರ ಕೇಳಿ.

ಪ್ರಶ್ನೆ: ನಮ್ಮ ಹುಡುಗನಿಗೆ ಈಗ 6 ವರ್ಷ. ಅರ್ಧವೂ ಆಗಿಲ್ಲ. ಮೊದಲಿನಿಂದ ಶುರು ಮಾಡಬೇಕಾ?

ಬೇಡ. ನಡುವೆ ಎಷ್ಟು ವರ್ಷ ಕಳೆದಿದ್ದರೂ ಹಿಂದೆ ಹಾಕಿದ್ದು ಲೆಕ್ಕಕ್ಕಿದೆ, ಬಿಟ್ಟಲ್ಲಿಂದ ಮುಂದುವರಿಸುತ್ತೇವೆ. ರೋಟಾವೈರಸ್‌ನ ವಯಸ್ಸು ದಾಟಿದೆ, ಅದನ್ನು ಬಿಟ್ಟುಬಿಡಿ. ಎಂಎಂಆರ್ ಎರಡು ಡೋಸ್ ಆಗಿದೆಯಾ ಅನ್ನುವುದನ್ನು ಮೊದಲು ನೋಡೋಣ. ಕಾರ್ಡ್ ಕಳೆದುಹೋಗಿದ್ದರೆ ಹಾಕಿಸಿದ ಆಸ್ಪತ್ರೆಯಲ್ಲಿ ದಾಖಲೆ ಕೇಳಿ. ಅಲ್ಲೂ ಸಿಗದಿದ್ದರೆ ಹಾಕಿಲ್ಲ ಎಂದೇ ಇಟ್ಟುಕೊಂಡು ಹಾಕುತ್ತೇವೆ. ಮೊದಲೇ ಹಾಕಿದ್ದರೂ ಇನ್ನೊಂದು ಎಂಎಂಆರ್‌ನಿಂದ ತೊಂದರೆ ಇಲ್ಲ. ಆಪರೇಷನ್ ಕಾಗದಗಳಿದ್ದರೆ ಅವನ್ನೂ ತನ್ನಿ.